ಹನ್ನೊಂದನೇ ನಂಬರಿನ ಪಾಲು

ಗುಡ್ರುನ್ ಎಲ್ಕ್ಯಾರ್‌ಗೆ ಅರವತ್ತು ತುಂಬುವವರೆಗೂ ತನ್ನದೆಂದು ಹೇಳಿಕೊಳ್ಳಲು ಒಂದು ಇಟ್ಟಿಗೆ ಗೋಡೆ ಇರಲಿಲ್ಲ. ಹಾರ್ಸೆನ್ಸ್ ಪಟ್ಟಣದ ಹಂದಿ ಕಸಾಯಿಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ನಿಂತೇ ದುಡಿದಿದ್ದಳು. ಇದ್ದದ್ದು ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಗಂಡ ಬಿಟ್ಟುಹೋದಾಗ ಕಾರು ಅವನಿಗೆ ಹೋಯಿತು, ಬಾಡಿಗೆ ಕರಾರು ಇವಳಿಗೆ ಉಳಿಯಿತು. ಮಕ್ಕಳಿರಲಿಲ್ಲ.

ಗೋಡೆ ಇಲ್ಲದಿದ್ದರೂ ದುಡ್ಡು ಸ್ವಲ್ಪ ಇತ್ತು. ಸಂಬಳದಲ್ಲಿ ತಿಂಗಳು ತಿಂಗಳು ಕಟ್ಟಿದ ಪಿಂಚಣಿ ಉಳಿತಾಯ, ಅರವತ್ತಕ್ಕೆ ಇಡಿಗಂಟಾಗಿ ತೆಗೆಯಬಹುದಾದದ್ದು, ಐದು ಲಕ್ಷ ಇಪ್ಪತ್ತು ಸಾವಿರ ಕ್ರೋನರ್. ಊರಾಚೆಯ ಕೈತೋಟದಲ್ಲಿ ಒಂದು ಸಣ್ಣ ಮರದ ಮನೆ. ಬ್ಯಾಂಕಿನಲ್ಲಿ ಐವತ್ತೆಂಟು ಸಾವಿರ.

ಮತ್ತು ಒಂದು ಲೆಕ್ಕಾಚಾರವಿತ್ತು. ತಂಗಿ ಆಸ್ತಾ ಏರೊ ದ್ವೀಪದಲ್ಲಿದ್ದಳು. ಅವಳ ಗಂಡ ತೀರಿಕೊಂಡು ಮನೆಯ ಅರ್ಧ ಆಸ್ತಾಳಿಗೂ ಇನ್ನರ್ಧ ಅವನ ಮೊದಲ ಹೆಂಡತಿಯ ಮಗ ಫ್ಲೆಮಿಂಗ್‌ಗೂ ಬಂದಿತ್ತು. ಫ್ಲೆಮಿಂಗ್ ತನ್ನ ಅರ್ಧಕ್ಕೆ ಆರು ಲಕ್ಷ ಕೇಳಿದ್ದ. ಐದು ವರ್ಷ ಕಾಯುತ್ತೇನೆ, ಆಮೇಲೆ ಮನೆ ಮಾರಲೇಬೇಕು ಅಂದಿದ್ದ. ಕೆಟ್ಟವನಲ್ಲ, ಅವಸರದವನೂ ಅಲ್ಲ. ಅವನ ದುಡ್ಡು ಅವನು ಕೇಳಿದ. ಗುಡ್ರುನ್ ಅರವತ್ತೈದಕ್ಕೆ ನಿವೃತ್ತಳಾಗಿ ಆ ಆರು ಲಕ್ಷ ಕೊಟ್ಟು ಏರೊಗೆ ಹೋಗುವುದು, ಅಕ್ಕ ತಂಗಿ ಒಟ್ಟಿಗಿರುವುದು. ಇದೇ ಲೆಕ್ಕ. ಅವಳ ಹತ್ತಿರ ಆರು ಲಕ್ಷ ಇರಲಿಲ್ಲ, ಐದು ವರ್ಷ ಇತ್ತು.

ಕಸಾಯಿಖಾನೆಯ ಕಾಫಿ ಮೇಜಿನಲ್ಲಿ ಯುಟ್ಟೆ ಎಂಬವಳು ಈ ವಿಷಯದಲ್ಲಿ ದೊಡ್ಡ ಪಂಡಿತೆ. ಸಹಕಾರಿ ವಸತಿ ಸಂಘವೊಂದರಲ್ಲಿ ಅವಳಿಗೆ ಮನೆ ಇತ್ತು. ಸಂಘವೇ ಸಾಲ ಮಾಡಿ ಕಟ್ಟಡ ಕಟ್ಟಿಸುತ್ತದೆ. ಒಳಗೆ ಬರುವವರು ಒಂದು ಪಾಲು ಕೊಳ್ಳುತ್ತಾರೆ, ಆಮೇಲೆ ಸಂಘದ ಸಾಲಕ್ಕೆಂದು ತಿಂಗಳ ಹಣ ಕಟ್ಟುತ್ತಾರೆ. ಹೋಗುವಾಗ ಪಾಲನ್ನು ಆ ದಿನದ ಬೆಲೆಗೆ ಮಾರಿ ಹೋಗುತ್ತಾರೆ.

"ಪಿಂಚಣಿ ಖಾತೇಲಿ ದುಡ್ಡಿಟ್ಕೊಂಡು ಪೂಜೆ ಮಾಡ್ತೀಯೇನೇ?" ಅಂದಳು ಯುಟ್ಟೆ. "ಅದರಿಂದ ಆದಾಯ ಬಂತು ಅಂದ್ರೆ ಸರ್ಕಾರ ತಾನು ಕೊಡೋ ಪಿಂಚಣೀಲಿ ಮುರ್ಕೊಳ್ಳತ್ತೆ. ನಮ್ಮಂಥೋರು ಉಳಿಸಿದ್ರೆ ಸರ್ಕಾರಕ್ಕೇ ಉಳಿಸಿಕೊಟ್ಟಂಗೆ. ಇಟ್ಟಿಗೇಲಿ ಇಡು. ಇಟ್ಟಿಗೆ ಎಷ್ಟು ಬೆಳೀತು ಅಂತ ಯಾವನೂ ಕೇಳಲ್ಲ."

"ನಿಂದೆಷ್ಟು ಬೆಳೀತು?"

"ಒಂದು ಎಂಬತ್ತಕ್ಕೆ ತಗೊಂಡಿದ್ದು. ಈಗ ಏಳು ಲಕ್ಷ. ನಾನೇನು ಮಾಡ್ದೆ? ಸೋಫಾ ಮೇಲೆ ಕೂತಿದ್ದೆ, ಅಷ್ಟೇ."

ಪಕ್ಕದಲ್ಲಿದ್ದವನೊಬ್ಬ, "ನೀನು ಕೂತ ಸೋಫಾನೂ ಬೆಳೀಬೇಕಿತ್ತು ಬಿಡು," ಅಂದ. ಎಲ್ಲರೂ ನಕ್ಕರು. ಗುಡ್ರುನ್ ಆ ಏಳು ಲಕ್ಷವನ್ನು ಮನೆಗೆ ತಲೆಯಲ್ಲಿಟ್ಟುಕೊಂಡು ಹೋದಳು.

2006ರಲ್ಲಿ ಊರಿನ ಉತ್ತರಕ್ಕೆ ಸ್ಟೇರೆವಾಂಗ್ ಎಂಬ ಹೊಸ ಸಂಘ ಇಪ್ಪತ್ನಾಲ್ಕು ಸಾಲು ಮನೆ ಕಟ್ಟಿಸಿತು. ಹನ್ನೊಂದನೇ ನಂಬರಿನ ಪಾಲಿಗೆ ನಾಲ್ಕು ಲಕ್ಷ ಎಂಬತ್ತು ಸಾವಿರ. ಗುಡ್ರುನ್ ಪಿಂಚಣಿ ಗಂಟು ಬಿಚ್ಚಿದಳು. ತೆರಿಗೆಗೆ ನೂರಕ್ಕೆ ನಲವತ್ತು ಹೋಗಿ ಮೂರು ಲಕ್ಷ ಹನ್ನೆರಡು ಸಾವಿರ ಕೈಗೆ ಬಂತು. ಕೈತೋಟದ ಮನೆ ಒಂದು ಲಕ್ಷ ಹತ್ತು ಸಾವಿರಕ್ಕೆ ಹೋಯಿತು. ಬ್ಯಾಂಕಿನ ಐವತ್ತೆಂಟು ಸೇರಿಸಿದರೆ ಸರಿಯಾಗಿ ನಾಲ್ಕು ಎಂಬತ್ತು. ಒಂದು ಕ್ರೋನರ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನು ಅವಳು ಶುಭಸೂಚನೆ ಅಂದುಕೊಂಡಳು.

ಆಸ್ತಾ ಫೋನಿನಲ್ಲಿ, "ಕೈಯಲ್ಲಿ ಏನೂ ಉಳಿಸ್ಕೊಳ್ಳಲಿಲ್ವಾ?" ಅಂದಳು.

"ಕೈಯಲ್ಲಿ ಇಟ್ಕೊಂಡ್ರೆ ಐದು ವರ್ಷಕ್ಕೆ ಆರು ಆಗತ್ತೇನೇ?"

"ಆಗಲ್ಲ."

"ಮತ್ತೆ?"

ಆಸ್ತಾ ಹಿತ್ತಲಿನ ಮಾತು ತೆಗೆದಳು. ಅವಳಿಗೂ ಆರು ಲಕ್ಷ ಬೇಕಿತ್ತು.

ಹನ್ನೊಂದನೇ ನಂಬರು ಒಳ್ಳೆಯ ಮನೆಯೇ. ಅಡುಗೆಮನೆಯಿಂದ ನೇರ ಹೊರಗೆ ಹುಲ್ಲಿಗೆ ಇಳಿಯಬಹುದಿತ್ತು. ಮೂರು ಮಹಡಿ ಹತ್ತಿಳಿದು ಹಾಳಾದ ಮೊಣಕಾಲಿಗೆ ಅದೇ ದೊಡ್ಡ ಸುಖ. ತಿಂಗಳ ಹಣ ಐದು ಸಾವಿರದ ಇನ್ನೂರು. ಸಂಘದ ಅಧ್ಯಕ್ಷ ಪ್ರೇಬೆನ್, ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಷ್ಟ್ರು, ಎರಡನೇ ನಂಬರಿನವನು. ಸಂಬಳವಿಲ್ಲದ ಕೆಲಸ. ದಾಖಲೆಗಳನ್ನು ಬಣ್ಣಬಣ್ಣದ ಕಡತಗಳಲ್ಲಿಟ್ಟುಕೊಂಡು ಹುಲ್ಲು ಕತ್ತರಿಸುವ ಸರದಿಯಿಂದ ಹಿಡಿದು ಸಾಲದವರೆಗೆ ಎಲ್ಲ ಅವನೇ ನೋಡುತ್ತಿದ್ದ. ಜನ ಅವನನ್ನು ನಂಬಿದ್ದರು. ಪುಕ್ಕಟೆ ದುಡಿಯುವವನನ್ನು ಪ್ರಶ್ನೆ ಕೇಳುವುದು ಅಲ್ಲಿ ಒಳ್ಳೆಯ ನಡವಳಿಕೆಯಲ್ಲ.

2007ರ ಮಾರ್ಚ್‌ನಲ್ಲಿ ವಾರ್ಷಿಕ ಸಭೆ. ಸಂಘದ ಸಭಾಕೋಣೆಯಲ್ಲಿ ಉದ್ದನೆಯ ಮೇಜುಗಳು, ಅವುಗಳ ಮೇಲೆ ಕಾಫಿ ಫ್ಲಾಸ್ಕುಗಳು. ಬಾದಾಮಿ ಹಾಕಿ ಬೇಯಿಸಿದ ಕ್ರಿಂಗಲ್ ಎಂಬ ಸಿಹಿ ರೊಟ್ಟಿ, ಮೇಲೊಂದು ಬಟ್ಟೆ ಮುಚ್ಚಿಕೊಂಡು, ಗೋಡೆ ಪಕ್ಕ ಕಾಯುತ್ತಿತ್ತು. ಮತದಾನ ಮುಗಿಯುವವರೆಗೆ ಅದನ್ನು ಮುಟ್ಟುವಂತಿಲ್ಲ. ಹೀಗೆ ಎಲ್ಲೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮತ ಎಣಿಸುವವಳಾಗಿ ಗುಡ್ರುನ್‌ಳನ್ನು ಆರಿಸಿದರು. ಕಸಾಯಿಖಾನೆಯಲ್ಲಿ ಡಬ್ಬಿ ಎಣಿಸಿದವಳಲ್ಲವೇ, ಇಪ್ಪತ್ನಾಲ್ಕು ಕೈ ಎಣಿಸಲಾರಳೇ ಅಂತ ಯಾರೋ ಅಂದರು. ಅವಳು ಪೆನ್ಸಿಲ್ ಹಿಡಿದು ಮುಂದೆ ಕೂತಳು.

ಏಳನೇ ವಿಷಯ ಸಾಲದ್ದು. ಸಂಘದ ತಲೆ ಮೇಲೆ ಮೂರು ಕೋಟಿ ಸಾಲ, ಬಡ್ಡಿ ಏರುತ್ತಿತ್ತು. ಸಾಲ ಕೊಟ್ಟ ಬ್ಯಾಂಕಿನಿಂದ ಒಬ್ಬ ಯುವಕ ಬಂದಿದ್ದ. ಪರದೆಯ ಮೇಲೆ ನೀಲಿ ಗೆರೆ, ಕೆಂಪು ಗೆರೆ ತೋರಿಸಿದ. ಮೂವತ್ತು ವರ್ಷದ ಒಂದು ಬಡ್ಡಿ ಒಪ್ಪಂದ. ಹೊರಗೆ ಬಡ್ಡಿ ಎಷ್ಟೇ ಆಗಲಿ, ಸಂಘ ನೂರಕ್ಕೆ ನಾಲ್ಕು ಮುಕ್ಕಾಲೇ ಕಟ್ಟುತ್ತದೆ. ಬಡ್ಡಿ ಅದಕ್ಕಿಂತ ಏರಿದರೆ ಮೇಲಿನದು ಬ್ಯಾಂಕು ತುಂಬುತ್ತದೆ. ಮಾಮೂಲಿ ಸ್ಥಿರ ಬಡ್ಡಿ ಸಾಲಕ್ಕಿಂತ ಮನೆಗೆ ತಿಂಗಳಿಗೆ ಮುನ್ನೂರು ಕ್ರೋನರ್ ಅಗ್ಗ.

"ಬಡ್ಡಿ ಇಳಿದ್ರೆ?" ಅಂತ ಹಿಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು.

"ಇಳಿದ್ರೂ ನಿಮ್ಮ ಕಂತು ಬದಲಾಗಲ್ಲ," ಅಂದ ಯುವಕ. "ಅದೇ ಇದರ ಸೊಗಸು. ನೀವು ನೆಮ್ಮದಿಯಾಗಿ ನಿದ್ದೆ ಮಾಡಬಹುದು."

ಹೇಳಿದ್ದು ಸುಳ್ಳಲ್ಲ. ಬಡ್ಡಿ ಇಳಿದಷ್ಟೂ ಆ ಒಪ್ಪಂದವೇ ಸಂಘದ ಮೇಲೆ ಎರಡನೇ ಸಾಲವಾಗಿ ಬೆಳೆಯುತ್ತದೆ, ಬಿಡಿಸಿಕೊಳ್ಳಬೇಕಾದರೆ ಮೂವತ್ತು ವರ್ಷದ ವ್ಯತ್ಯಾಸವನ್ನೆಲ್ಲ ಒಂದೇ ಸಲ ಕಟ್ಟಬೇಕು ಅನ್ನುವುದನ್ನು ಅವನು ಹೇಳಲಿಲ್ಲ. ಆತ ಹಂಚಿದ ನಲವತ್ತು ಪುಟದಲ್ಲಿ ಮೂವತ್ತಮೂರನೇ ಪುಟದಲ್ಲಿ ಅದಿತ್ತು.

ಗುಡ್ರುನ್‌ಗೆ ಕೇಳಬೇಕಾದದ್ದೊಂದು ಇತ್ತು. ಪಾಲು ಆರು ಲಕ್ಷ ಆಗುತ್ತದಲ್ಲ, ಇದರಿಂದ ಅದಕ್ಕೇನೂ ಆಗುವುದಿಲ್ಲವಲ್ಲ ಅಂತ. ಆದರೆ ಇಪ್ಪತ್ತಮೂರು ಮನೆಯವರ ಎದುರು ಎದ್ದು ನಿಂತು ತನಗೆ ಅರ್ಥವಾಗಲಿಲ್ಲ ಅನ್ನಬೇಕಿತ್ತು. ಆಗಲೇ ಮುಕ್ಕಾಲು ಗಂಟೆಯಾಗಿತ್ತು. ಫ್ಲಾಸ್ಕುಗಳಲ್ಲಿ ಕಾಫಿ ಆರುತ್ತಿತ್ತು.

ಹದಿನೇಳನೇ ನಂಬರಿನ ಹೋಲ್ಗರ್, ಬೀಗ ರಿಪೇರಿ ಮಾಡುತ್ತಿದ್ದ ಮುದುಕ, ಎದ್ದು ನಿಂತ. ಎಲ್ಲರೂ ನಿಟ್ಟುಸಿರು ಬಿಟ್ಟರು.

"ನಾನು ಇದಕ್ಕೆ ಬೇಡ ಅಂತೀನಿ."

"ಯಾಕೆ ಹೋಲ್ಗರ್?" ಅಂದ ಪ್ರೇಬೆನ್ ತಾಳ್ಮೆಯಿಂದ.

"ಬೇಡ ಅನ್ನಿಸತ್ತೆ, ಅಷ್ಟೇ. ಆಮೇಲೆ, ನನ್ನ ಬಾಗಿಲ ಮುಂದೆ ಸೈಕಲ್ ನಿಲ್ಲಿಸೋ ವಿಷಯ ಮೂರನೇ ಸಲ ಹೇಳ್ತಿದೀನಿ."

"ಅದು ಇತರ ವಿಷಯದಲ್ಲಿ ಬರತ್ತೆ."

"ಕ್ರಿಂಗಲ್ ತಿಂದಾದ್ಮೇಲೆ ಇತರ ವಿಷಯ ಯಾವನಿಗೆ ಬೇಕು?"

ನಗು ಎದ್ದಿತು. ಕೈ ಎತ್ತಿಸಿದರು. ಗುಡ್ರುನ್ ಎಣಿಸಿದಳು. ಪರವಾಗಿ ಇಪ್ಪತ್ತೆರಡು. ತಾನೂ ಎಡಗೈ ಎತ್ತಿ, ಬಲಗೈಯಲ್ಲಿ ಇಪ್ಪತ್ತಮೂರು ಎಂದು ಬರೆದಳು. ವಿರೋಧ ಒಂದು.

ಎಂಟನೇ ವಿಷಯ ಎರಡು ನಿಮಿಷದ್ದು. ಸಾಲದ ಭದ್ರತೆಗೆ ಬ್ಯಾಂಕಿನವರು ಕೇಳಿದ್ದಾರೆ, ನಿಯಮಕ್ಕೆ ಒಂದು ಸಾಲು ಸೇರಿಸಬೇಕು ಅಂದ ಪ್ರೇಬೆನ್. ಸದಸ್ಯರು ನೋಟಿಸು ಕೊಟ್ಟು ಸಂಘ ಬಿಡುವಂತಿಲ್ಲ. ಪಾಲನ್ನು ಇನ್ನೊಬ್ಬರಿಗೆ ವರ್ಗಾಯಿಸಿಯೇ ಬಿಡಬೇಕು. ಯಾರು ತಾನೇ ಪಾಲು ಮಾರದೆ ಹೋಗುತ್ತಾರೆ? ಮತ್ತೆ ಇಪ್ಪತ್ತಮೂರು, ಮತ್ತೆ ಒಂದು. ಗುಡ್ರುನ್ ಕೆಳಗೆ ಸಹಿ ಹಾಕಿದಳು. ಕ್ರಿಂಗಲ್ ಮೇಲಿನ ಬಟ್ಟೆ ತೆಗೆದರು.

ಮುಂದಿನ ವರ್ಷ ಪಾಲಿನ ಬೆಲೆಯ ಪತ್ರ ಬಂತು. ಆರು ಲಕ್ಷ ಹತ್ತು ಸಾವಿರ. ಗುಡ್ರುನ್ ಅಲ್ಲೇ ನಿಂತು ಆಸ್ತಾಳಿಗೆ ಫೋನು ಮಾಡಿದಳು.

"ಮಾರ್ಬಿಡು," ಅಂದಳು ಆಸ್ತಾ.

"ಈಗ್ಲೇ?"

"ಫ್ಲೆಮಿಂಗ್ ಕೇಳಿದ್ದು ಆರು. ನಿನ್ ಹತ್ರ ಆರು ಹತ್ತು. ಇನ್ನೇನು ನೋಡ್ತಿದೀಯ?"

"ಕೆಲಸ ಇನ್ನೂ ಎರಡು ವರ್ಷ ಇದ್ಯಲ್ಲೇ. ಮಾರಿ ಎಲ್ಲಿರ್ಲಿ, ಬಸ್ ಸ್ಟಾಪಲ್ಲಾ? ಬಾಡಿಗೆ ಮನೆಗೆ ಎಂಟು ವರ್ಷದ ಸಾಲು ನಿಂತಿದೆ. ಆಮೇಲೆ, ಎರಡು ವರ್ಷ ಹೋದ್ರೆ ಇದು ಏಳಾಗತ್ತೆ. ಅಲ್ಲಿ ಮನೆ ಹಂಚಿನ ಕೆಲಸ ಆಗ್ಬೇಕು ಅಂತಿದ್ಯಲ್ಲ, ಅದಕ್ಕಾಗತ್ತೆ."

"ಹಂಚು ಕಾಯತ್ತೆ ಗುಡ್ರುನ್."

"ನಾನೂ ಕಾಯ್ತೀನಿ. ಎರಡೇ ವರ್ಷ."

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ವರ್ಷ ಆ ಊರಿನಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಆರು ತಿಂಗಳಲ್ಲಿ ಮನೆಗಳ ಬೆಲೆ ಬಿತ್ತು. ಆಮೇಲೆ ಬಡ್ಡಿ ಬಿತ್ತು, ಬೀಳುತ್ತಲೇ ಹೋಯಿತು. ಟೀವಿಯಲ್ಲಿ ಸಾಲಗಾರರಿಗೆ ಸುಗ್ಗಿ ಅಂದರು. ಸ್ಟೇರೆವಾಂಗ್‌ನಲ್ಲೂ ಜನ ಅದನ್ನು ಸಂತೋಷದಿಂದ ನೋಡಿದರು. ಪಾಲಿನ ಬೆಲೆಯ ಪತ್ರದಲ್ಲಿ ಹಳೆಯ ಆರು ಹತ್ತೇ ಬರುತ್ತಿತ್ತು.

2010ರ ಅಕ್ಟೋಬರ್‌ನಲ್ಲಿ ಗುಡ್ರುನ್ ನಿವೃತ್ತಳಾದಳು. ಕಸಾಯಿಖಾನೆಯವರು ಒಂದು ಹೂಗುಚ್ಛ, ಒಂದು ವೈನ್ ಬಾಟಲಿ, ಇಸ್ತ್ರಿ ಮಾಡಿದ ಒಂದು ಏಪ್ರನ್ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆಯೇ ಪ್ರೇಬೆನ್‌ನ ಮನೆಗೆ ಹೋದಳು. ಅವನು ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಅಲಗು ಮಸೆಯುತ್ತಿದ್ದ.

"ಪಾಲು ಮಾರ್ಬೇಕು ಪ್ರೇಬೆನ್. ಕಾಯೋರ ಪಟ್ಟೀಲಿ ಯಾರಿದಾರೆ ನೋಡು."

ಪ್ರೇಬೆನ್ ಅಲಗು ಕೆಳಗಿಟ್ಟ. "ಸ್ವಲ್ಪ ತಡಿ."

"ಯಾಕೆ?"

"ಹೊಸ ಲೆಕ್ಕ ಪರಿಶೋಧಕ ಬಂದಿದಾನೆ. ಬಡ್ಡಿ ಒಪ್ಪಂದಾನ ಈ ವರ್ಷದಿಂದ ಲೆಕ್ಕಕ್ಕೆ ಹಿಡೀಲೇಬೇಕು ಅಂತಿದಾನೆ."

"ಹಿಡೀಲಿ. ಎಷ್ಟಾಗತ್ತೆ?"

"ತೊಂಬತ್ತು ಲಕ್ಷ."

"ನಮಗೆ ಬರೋದಾ?"

ಪ್ರೇಬೆನ್ ಅವಳನ್ನು ನೋಡಿದ. ಕ್ಲಾಸಿನಲ್ಲಿ ಹುಡುಗರನ್ನು ನೋಡಿದ ಹಾಗಿರಲಿಲ್ಲ. "ನಾವು ಕೊಡೋದು."

ಅವನು ಮೆಲ್ಲಗೆ ವಿವರಿಸಿದ. ಹಳೆಯ ಸಾಲ ಮೂರು ಕೋಟಿ, ಹಾಗೇ ಇದೆ. ಅದರ ಮೇಲೆ ಈ ತೊಂಬತ್ತು ಲಕ್ಷ. ಇಪ್ಪತ್ನಾಲ್ಕು ಮನೆಗಳನ್ನೂ ಇವತ್ತು ಮಾರಿದರೆ ಬರುವುದು ಮೂರು ಕೋಟಿ ಅರವತ್ತು ಲಕ್ಷ. ಆಸ್ತಿಗಿಂತ ಸಾಲ ದೊಡ್ಡದು.

"ಹಂಗಾದ್ರೆ ಪಾಲಿನ ಬೆಲೆ?"

"ಸೊನ್ನೆ."

"ಸೊನ್ನೆ ಅಂದ್ರೆ?"

"ಸೊನ್ನೆ ಅಂದ್ರೆ ಸೊನ್ನೆ, ಗುಡ್ರುನ್. ಒಂದು ಕ್ರೋನರ್ ಹೆಚ್ಚಿಗೆ ತಗೊಂಡ್ರೂ ಕಾನೂನು ಪ್ರಕಾರ ಅಪರಾಧ."

ಅವಳು ಗ್ಯಾರೇಜಿನಲ್ಲಿದ್ದ ಮಡಚುವ ಕುರ್ಚಿಯ ಮೇಲೆ ಕೂತಳು. ಬೈಯಬೇಕೆಂದು ಬಾಯಿ ತೆರೆದಳು. ಪ್ರೇಬೆನ್‌ನ ಸ್ವೆಟರ್ ಮೊಣಕೈ ಹತ್ತಿರ ಹರಿದಿತ್ತು. ಅವನೂ ತನ್ನ ಹಳೆ ಮನೆ ಮಾರಿ ಇಲ್ಲಿಗೆ ದುಡ್ಡು ಹಾಕಿದ್ದನೆಂಬುದು ಅವಳಿಗೆ ಗೊತ್ತಿತ್ತು.

"ನೀನು ಆ ನಲವತ್ತು ಪುಟ ಓದಿದ್ಯಾ?"

"ಎರಡು ಸಲ."

"ಅರ್ಥವಾಗಿತ್ತಾ?"

"ಮಾಸ್ತರ್ ಆಗಿದ್ನಲ್ಲ," ಅಂದ ಪ್ರೇಬೆನ್. "ಅರ್ಥವಾಗ್ಲಿಲ್ಲ ಅನ್ನೋಕೆ ಆಗ್ಲಿಲ್ಲ."

ಆಸ್ತಿ ಸಾಲದಷ್ಟಿಲ್ಲವೆಂದು ಬ್ಯಾಂಕು ತನ್ನ ಶುಲ್ಕ ಏರಿಸಿತು, ಜನವರಿಯಿಂದ ತಿಂಗಳ ಹಣ ಆರು ಸಾವಿರದ ಒಂಬೈನೂರಾಯಿತು. ಮೂರನೇ ನಂಬರಿನಲ್ಲಿ ಒಬ್ಬಳು ಮುದುಕಿ, ಇಪ್ಪತ್ತನೇ ನಂಬರಿನಲ್ಲಿ ಒಬ್ಬ ಲಾರಿ ಚಾಲಕ ಆ ಚಳಿಗಾಲ ತೀರಿಕೊಂಡರು. ಅವರ ವಾರಸುದಾರರು ಈ ಆಸ್ತಿ ನಮಗೆ ಬೇಡವೆಂದು ನ್ಯಾಯಾಲಯದಲ್ಲಿ ಬರೆದುಕೊಟ್ಟರು. ಆ ಎರಡು ಮನೆಗಳ ಹಣ ಉಳಿದ ಇಪ್ಪತ್ತೆರಡರ ಮೇಲೆ ಬಿತ್ತು. ಸ್ಟೇರೆವಾಂಗ್‌ನಿಂದ ಹೊರಬೀಳಲು ಆದದ್ದು ಅವರಿಬ್ಬರಿಗೇ.

ಗುಡ್ರುನ್ ಪಾಲನ್ನು ಪುಕ್ಕಟೆ ಕೊಡಲು ನಿರ್ಧರಿಸಿದಳು. ಆರು ಲಕ್ಷ ಹೋಗಲಿ, ತಿಂಗಳ ಹಣದಿಂದ ಬಿಡುಗಡೆಯಾದರೆ ಸಾಕು. ಏರೊಗೆ ಹೋಗಿ ಯಾವುದಾದರೂ ಹೋಟೆಲಿನಲ್ಲಿ ಪಾತ್ರೆ ತೊಳೆದು ಫ್ಲೆಮಿಂಗ್‌ಗೆ ಕಂತಿನಲ್ಲಿ ಕೊಡುತ್ತೇನೆ ಅಂತ ಆಸ್ತಾಳ ಮೂಲಕ ಹೇಳಿಸಿದಳು. ಫ್ಲೆಮಿಂಗ್ ಒಂದು ಲಕ್ಷ ಮೊದಲು ಕೊಟ್ಟರೆ ಉಳಿದದ್ದಕ್ಕೆ ಒಪ್ಪುತ್ತೇನೆ, ಮುಂದಿನ ವರ್ಷದ ಬೇಸಿಗೆಯವರೆಗೆ ನೋಡುತ್ತೇನೆ ಅಂದ. ಆಸ್ತಾ ತನ್ನ ಒಡವೆ, ಪಿಯಾನೊ ಮಾರಿದರೆ ಒಂದು ಲಕ್ಷ ಆಗುತ್ತಿತ್ತು. ಹಾಗಾಗಿ ಎಲ್ಲ ನಿಂತದ್ದು ಹನ್ನೊಂದನೇ ನಂಬರಿಗೆ ಒಬ್ಬ ಮನುಷ್ಯ ಸಿಗುತ್ತಾನೋ ಇಲ್ಲವೋ ಅನ್ನುವುದರ ಮೇಲೆ.

ಒಂಬತ್ತು ತಿಂಗಳಲ್ಲಿ ಐದು ಜನ ನೋಡಲು ಬಂದರು. ಕೊನೆಗೆ ಬಂದದ್ದು ಒಂದು ಚಿಕ್ಕ ವಯಸ್ಸಿನ ಜೋಡಿ, ಹುಡುಗಿ ಬಸುರಿ. ಗುಡ್ರುನ್ ಕಿಟಕಿ ತೊಳೆದು, ದಾಲ್ಚಿನ್ನಿ ಬನ್ನು ಬೇಯಿಸಿ ಇಟ್ಟಿದ್ದಳು. ಹುಡುಗಿ ಅಡುಗೆಮನೆಯ ಬಾಗಿಲು ತೆಗೆದು ಹುಲ್ಲಿನ ಮೇಲೆ ನಿಂತು, "ಇಲ್ಲಿ ತೊಟ್ಟಿಲ ಗಾಡಿ ನಿಲ್ಲಿಸಬಹುದು," ಅಂದಳು.

"ಎಷ್ಟು ಬೇಕಾದ್ರೂ ನಿಲ್ಲಿಸಿ," ಅಂದಳು ಗುಡ್ರುನ್.

ಹುಡುಗ ಗೋಡೆ ಬಡಿದು ನೋಡಿದ. "ಪಾಲಿಗೆ ನಿಜವಾಗ್ಲೂ ಏನೂ ಕೊಡೋದು ಬೇಡವಾ?"

"ಏನೂ ಬೇಡ. ಪರದೆಗಳೂ ಇಲ್ಲೇ ಇರ್ಲಿ. ಒಗೆಯೋ ಯಂತ್ರಾನೂ ಬಿಟ್ಟು ಹೋಗ್ತೀನಿ."

"ಯಾರಾದ್ರೂ ಸತ್ತಿದಾರಾ ಇಲ್ಲಿ?" ಅಂತ ಹುಡುಗ ನಗುತ್ತ ಕೇಳಿದ.

"ಇನ್ನೂ ಇಲ್ಲ."

ಅವರು ಬನ್ನು ತಿಂದರು, ಹುಡುಗಿ ಎರಡು ತಿಂದಳು. ಆಮೇಲೆ ಹುಡುಗ ತಿಂಗಳ ಹಣ ಕೇಳಿದ. ಬರುವ ಜನವರಿಯಿಂದ ಎಂಟು ಸಾವಿರದ ಏಳುನೂರು ಅಂದಳು ಗುಡ್ರುನ್. ಸುಳ್ಳು ಹೇಳಬೇಕೆಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದಳು. ಹುಡುಗಿಯ ಹೊಟ್ಟೆ ನೋಡಿ ಆಗಲಿಲ್ಲ, ಹೇಳಿದರೂ ಕಾಗದದಲ್ಲಿ ಗೊತ್ತಾಗುತ್ತಿತ್ತು.

"ರಸ್ತೆ ಆಚೆ ಕಡೆ ಮಾರಾಟ ಆಗ್ದೇ ಉಳಿದ ಇಂಥದ್ದೇ ಮನೆ ಈಗ ಬಾಡಿಗೆಗೆ ಆರೂವರೆ ಸಾವಿರಕ್ಕೆ ಇದೆ," ಅಂದ ಹುಡುಗ. ಅವನ ದನಿಯಲ್ಲಿ ಚೌಕಾಸಿ ಇರಲಿಲ್ಲ, ಮುಜುಗರವಿತ್ತು. ಯೋಚಿಸಿ ಹೇಳುತ್ತೇವೆ ಅಂದರು. ಹುಡುಗಿ ಬನ್ನಿಗೆ ಎಷ್ಟು ಏಲಕ್ಕಿ ಹಾಕಿದಿರಿ ಅಂತ ಕೇಳಿ ಬರೆದುಕೊಂಡಳು.

ಊರಿನ ಗ್ರಂಥಾಲಯದಲ್ಲಿ ಮಂಗಳವಾರ ಒಬ್ಬ ವಕೀಲೆ ಪುಕ್ಕಟೆ ಸಲಹೆಗೆ ಕೂರುತ್ತಿದ್ದಳು. ಗುಡ್ರುನ್ ಸರದಿ ಚೀಟಿ ಹಿಡಿದು ಒಂದು ಗಂಟೆ ಕಾದಳು. ಹೋಲ್ಗರ್ ಕೂಡ ಅಲ್ಲೇ ಇದ್ದ, ಇವಳಿಗಿಂತ ಮೊದಲಿನ ಚೀಟಿ ಅವನದು. ಒಳಗೆ ಹೋಗಿ ಐದು ನಿಮಿಷದಲ್ಲಿ ಹೊರಗೆ ಬಂದ.

"ಏನಂದ್ಲು?"

"ನಾನು ಬೇಡ ಅಂದಿದ್ದೆ, ದಾಖಲೇಲಿ ಇದೆ, ನನಗೆ ಬೇರೆ ಬಿಲ್ ಮಾಡಿ ಅಂದೆ. ನಕ್ಕಳು. ಬೇಡ ಅಂದೋನಿಗೂ ಬೇಕು ಅಂದೋರಿಗೂ ಒಂದೇ ಬಿಲ್ಲಂತೆ."

"ನಿನಗೆ ಅವತ್ತೇ ಹೆಂಗೆ ಗೊತ್ತಾಯ್ತು ಹೋಲ್ಗರ್?"

"ಏನೂ ಗೊತ್ತಾಗ್ಲಿಲ್ಲ. ನಾನು ಎಲ್ಲಾದಕ್ಕೂ ಬೇಡ ಅನ್ನೋನು. ಹೂಕುಂಡಕ್ಕೂ ಬೇಡ ಅಂದಿದ್ದೆ." ಅವನು ಟೋಪಿ ಹಾಕಿಕೊಂಡ. "ಸೈಕಲ್ ಇನ್ನೂ ಅಲ್ಲೇ ನಿಲ್ಲಿಸ್ತಿದಾರೆ."

ವಕೀಲೆ ಕಾಗದಗಳನ್ನು ನಿಧಾನವಾಗಿ ಓದಿದಳು. ಹಣ ಕಟ್ಟುವುದು ನಿಲ್ಲಿಸಿ ಏರೊದ ತಂಗಿಯ ಮನೆಗೆ ಹೊರಟುಹೋದರೆ ಏನಾಗುತ್ತದೆ ಅಂತ ಗುಡ್ರುನ್ ಕೇಳಿದಳು.

"ಮನೆಯಿಂದ ಹೊರಗೆ ಹಾಕ್ತಾರೆ. ಆದ್ರೆ ಪಾಲು ನಿಮ್ಮ ಹೆಸರಲ್ಲೇ ಇರತ್ತೆ. ಇನ್ಯಾರಾದ್ರೂ ತಗೊಳ್ಳೋವರೆಗೂ ತಿಂಗಳ ಹಣ ನಿಮ್ಮ ಸಾಲವಾಗಿ ಏರ್ತಾ ಹೋಗತ್ತೆ. ಏರೊದಲ್ಲಿ ನಿಮ್ಮ ಹೆಸರಿಗೆ ಏನಾದ್ರೂ ಆಸ್ತಿ ಬಂದ್ರೆ ಅದರ ಮೇಲೂ ಬರ್ತಾರೆ."

"ನೋಟಿಸ್ ಕೊಟ್ಟು ಬಿಡೋಕಾಗಲ್ವಾ? ಬಾಡಿಗೆಯವರು ಮೂರು ತಿಂಗಳ ನೋಟಿಸ್ ಕೊಟ್ಟು ಹೋಗ್ತಾರಲ್ಲ."

"ಬಾಡಿಗೆಯವರು ಹೋಗ್ಬಹುದು. ನೀವು ಮಾಲೀಕರು." ವಕೀಲೆ ಒಂದು ಹಾಳೆ ತಿರುಗಿಸಿ ಇವಳ ಕಡೆ ತಳ್ಳಿದಳು. "ಹೋಗೋಕೆ ಆಗಬಾರದು ಅಂತ ನಿಮ್ಮ ಸಭೆಯೇ ನಿಯಮ ಮಾಡಿದೆ. ಮತ ಎಣಿಸಿದವರ ಸಹಿ ಯಾರದು ಇದು?"

ಗುಡ್ರುನ್ ನೋಡಿದಳು. "ನಂದೇ," ಅಂದಳು.

2012ರ ಮೇ ತಿಂಗಳಲ್ಲಿ ಆಸ್ತಾಳನ್ನು ನೋಡಲು ಹೋದಳು. ದೋಣಿ ಕಟ್ಟೆಗೆ ಆಸ್ತಾ ಸೈಕಲ್ ತಳ್ಳಿಕೊಂಡು ಬಂದಿದ್ದಳು. ಇಬ್ಬರೂ ಹಿತ್ತಲಿನಲ್ಲಿ ರೈ ರೊಟ್ಟಿಯ ಮೇಲೆ ಹೊಗೆ ಮೀನು ಇಟ್ಟುಕೊಂಡು ತಿಂದರು. ಕೋಪನ್‌ಹೇಗನ್‌ನಿಂದ ದಂತವೈದ್ಯನೊಬ್ಬ ಮನೆ ನೋಡಿ ಹೋಗಿದ್ದಾನೆ, ಬೇಸಿಗೆ ಮನೆಗೆ ಬೇಕಂತೆ, ಫ್ಲೆಮಿಂಗ್‌ಗೆ ಇಷ್ಟವಾಗಿದೆ ಅಂದಳು ಆಸ್ತಾ.

"ಇನ್ನೂ ಬೇಸಿಗೆ ಮುಗಿದಿಲ್ವಲ್ಲ."

"ಆಗಸ್ಟ್ ಕೊನೆ ಅಂದಿದಾನೆ. ಅಲ್ಲೀವರೆಗೂ ಒಬ್ಬನಾದ್ರೂ ಸಿಗ್ತಾನಾ ನಿಂಗೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ಬೇಡ. ಸಿಗ್ತಾನಾ ಇಲ್ವಾ?"

"ಇಲ್ಲ."

ಆಸ್ತಾ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಅವತ್ತು ಮಾರು ಅಂದಿದ್ದೆ."

"ಅಂದಿದ್ದೆ."

"ಹಂಚು ಕಾಯತ್ತೆ ಅಂತನೂ ಅಂದಿದ್ದೆ."

"ಆಸ್ತಾ, ನನಗೆ ಕಿವಿ ಸರಿ ಇದೆ."

"ನಿನ್ನ ಬೈಯೋಕೆ ಹೇಳ್ತಿಲ್ಲ. ಬೈಯೋಕೆ ಬೇರೆ ಯಾರೂ ಸಿಕ್ತಿಲ್ಲ, ಅದಕ್ಕೆ." ಮೀನಿನ ತಟ್ಟೆಯನ್ನು ಅಕ್ಕನ ಕಡೆ ತಳ್ಳಿ, "ಇನ್ನೊಂದು ತುಂಡು ತಗೋ, ಮೀನು ನಾಳೆಗೆ ಇರಲ್ಲ," ಅಂದಳು.

ಗುಡ್ರುನ್ ಶಾಲೆಯೊಂದರಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು. ಸರ್ಕಾರದ ಪಿಂಚಣಿಯಲ್ಲಿ ಎಂಟು ಸಾವಿರದ ಏಳುನೂರು ಕಟ್ಟಿದರೆ ಊಟಕ್ಕೆ ಉಳಿಯುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಪಾಲು ನೋಡಲು ಯಾರೂ ಬರಲಿಲ್ಲ. ಸೂಪರ್‌ಮಾರ್ಕೆಟ್ಟಿನ ಹಲಗೆಯ ಮೇಲೆ ಅವಳು ಅಂಟಿಸಿದ ಚೀಟಿಯ ಕೆಳಗಿನ ಫೋನು ನಂಬರಿನ ತುಂಡುಗಳಲ್ಲಿ ಒಂದೂ ಹರಿದಿರಲಿಲ್ಲ.

ಸೆಪ್ಟೆಂಬರ್ ಆರಕ್ಕೆ ಏರೊದ ಮನೆ ದಂತವೈದ್ಯನಿಗೆ ಮಾರಾಟವಾಯಿತು. ಆಸ್ತಾ ತನ್ನ ಅರ್ಧದ ದುಡ್ಡು ತೆಗೆದುಕೊಂಡು ವಯಸ್ಸಾದವರಿಗೆಂದು ಪುರಸಭೆ ಕಟ್ಟಿಸಿದ್ದ ಒಂದು ಕೋಣೆಯ ಮನೆಗೆ ಹೋದಳು. ಒಬ್ಬರಿಗೆ ಮಾತ್ರ ಅನುಮತಿಯಿದ್ದ ಮನೆ ಅದು.

2013ರ ಜನವರಿಯಲ್ಲಿ ಸ್ಟೇರೆವಾಂಗ್‌ನ ಕೊನೆಯ ಸಭೆ ನಡೆಯಿತು. ಕಾಫಿ ಇತ್ತು, ತಿನ್ನಲು ಏನೂ ಇರಲಿಲ್ಲ. ಪ್ರೇಬೆನ್‌ನ ಪಕ್ಕದ ಎರಡು ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ. ಸಂಘ ದಿವಾಳಿಯಾಗಿದೆ ಎಂದು ನ್ಯಾಯಾಲಯ ನೇಮಿಸಿದ ಅಧಿಕಾರಿ ಓದಿ ಹೇಳಿದ. ಮನೆಗಳು ಬ್ಯಾಂಕಿಗೆ ಹೋಗುತ್ತವೆ. ಇವತ್ತಿನಿಂದ ಎಲ್ಲರೂ ಬಾಡಿಗೆದಾರರು, ಬಾಡಿಗೆ ಆರು ಸಾವಿರದ ಐನೂರು. ಹಳೆಯ ಒಪ್ಪಂದದಿಂದ ಸದಸ್ಯರ ಮೇಲೆ ಇನ್ನು ಯಾವ ಹೊಣೆಯೂ ಇಲ್ಲ.

"ಬಿಟ್ಟು ಹೋಗ್ಬೇಕು ಅಂದ್ರೆ?" ಅಂತ ಗುಡ್ರುನ್ ಕೂತಲ್ಲಿಂದಲೇ ಕೇಳಿದಳು.

"ಮೂರು ತಿಂಗಳ ನೋಟಿಸ್ ಕೊಡಿ, ಸಾಕು," ಅಂದ ಅಧಿಕಾರಿ. "ಯಾವಾಗ ಬೇಕಾದ್ರೂ ಹೋಗಬಹುದು."

"ಎಲ್ಲಿಗೆ?" ಅಂದ ಹೋಲ್ಗರ್. ಅಧಿಕಾರಿ ಅದು ತನಗೆ ಕೇಳಿದ ಪ್ರಶ್ನೆಯೆಂದು ತಿಳಿದು, ಅದು ನಿಮಗೆ ಬಿಟ್ಟದ್ದು ಅಂದ.

ಗುಡ್ರುನ್ ನೋಟಿಸ್ ಕೊಡಲಿಲ್ಲ. ಹನ್ನೊಂದನೇ ನಂಬರಿನಲ್ಲಿ ಬಾಡಿಗೆಗೆ ಉಳಿದಳು.

ಪಿಂಚಣಿ ಒಡೆದಾಗ ತೆರಿಗೆಗೆ ಹೋದದ್ದು ಎರಡು ಲಕ್ಷ ಎಂಟು ಸಾವಿರ. ಪಾಲಿಗೆ ಹಾಕಿದ್ದು ನಾಲ್ಕು ಲಕ್ಷ ಎಂಬತ್ತು ಸಾವಿರ. ಎರಡು ವರ್ಷ ಹೆಚ್ಚಿಗೆ ಕಟ್ಟಿದ ತಿಂಗಳ ಹಣ ಅರವತ್ತೆರಡು ಸಾವಿರದ ನಾನೂರು. ಕೈಗೆ ಬಾರದೇ ಹೋದದ್ದು ಏರೊದ ಮನೆ, ಅರ್ಧ.